ಒಂಬತ್ತು ಚದರ ಮೀಟರಿನ ಜಪಾನ್

ಟೋಕಿಯೊದ ಮಧ್ಯಮ ದರದ ಹೋಟೆಲಿಗೆ ಮೊದಲ ಸಲ ಹೋಗುವ ಭಾರತೀಯ ಪ್ರವಾಸಿಗೆ ಕೌಂಟರಿನಲ್ಲೇ ಒಂದು ಸಣ್ಣ ಪೆಟ್ಟು ಬೀಳುತ್ತದೆ. ರಾತ್ರಿಯಿಡೀ ವಿಮಾನದಲ್ಲಿ ಕೂತು, ಬೆಳಗ್ಗೆ ನರಿಟಾದಲ್ಲಿ ಇಳಿದು, ರೈಲು ಬದಲಿಸಿ, ಹತ್ತೂವರೆ ಹೊತ್ತಿಗೆ ನಿದ್ದೆಗಣ್ಣಲ್ಲಿ ಅಲ್ಲಿ ನಿಂತರೆ ಸಿಬ್ಬಂದಿ ಸೊಂಟ ಬಾಗಿಸಿ ವಂದಿಸುತ್ತಾರೆ; ಸೂಟ್‌ಕೇಸಿಗೆ ನಂಬರಿನ ಚೀಟಿ ಕಟ್ಟಿ ಒಳಗಿಟ್ಟುಕೊಳ್ಳುತ್ತಾರೆ; ಅದೇ ನಗುಮುಖದಲ್ಲಿ ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ ಎನ್ನುತ್ತಾರೆ. ಕೋಣೆ ಖಾಲಿ ಇದ್ದರೂ ಸಾಮಾನ್ಯವಾಗಿ ಮೂರಕ್ಕೇ. ‘ಏನಾದ್ರೂ ಅಡ್ಜಸ್ಟ್ ಮಾಡಿ ಸಾರ್’ ಎಂಬ ನಮ್ಮ ಮಂತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಖಾಲಿ ಮಾಡುವ ಹೊತ್ತೂ ಅಷ್ಟೇ ಖಚಿತ: ಬಹುತೇಕ ಕಡೆ ಬೆಳಗ್ಗೆ ಹತ್ತು ಅಥವಾ ಹನ್ನೊಂದು. ನಮ್ಮ ಲಾಡ್ಜುಗಳ ‘24 ಗಂಟೆ ಚೆಕ್‌ಔಟ್’ ಬೋರ್ಡಿಗೆ ಒಗ್ಗಿಹೋದವರಿಗೆ ಇದು ಶುದ್ಧ ಅನ್ಯಾಯ ಅನ್ನಿಸುತ್ತದೆ.

2024ರಲ್ಲಿ ಜಪಾನಿಗೆ ಹೋದ ವಿದೇಶಿಯರ ಸಂಖ್ಯೆ ಸುಮಾರು 3.7 ಕೋಟಿ. ಅವರಲ್ಲಿ ಭಾರತೀಯರು ಸುಮಾರು 2.3 ಲಕ್ಷ. ಬೆಂಗಳೂರಿನಿಂದ ನರಿಟಾಗೆ ನೇರ ವಿಮಾನ ಬಂದ ಮೇಲೆ ಕನ್ನಡಿಗರಿಗೂ ಆ ದಾರಿ ಹತ್ತಿರವಾಗಿದೆ. ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರು, ಬಿಡದಿಯ ಕಾರ್ಖಾನೆಯಿಂದ ತರಬೇತಿಗೆ ಹೋಗುವವರು, ಏಪ್ರಿಲ್‌ನಲ್ಲಿ ಚೆರ್ರಿ ಹೂವು ನೋಡಲು ಹೋಗುವವರು, ಎಲ್ಲರೂ ಹಿಂತಿರುಗಿ ಬಂದು ಹೇಳುವ ಕತೆಗಳಲ್ಲಿ ಹೋಟೆಲಿನ ಕೋಣೆ ಇದ್ದೇ ಇರುತ್ತದೆ. ಕೋಣೆ ಬೆಂಕಿಪೊಟ್ಟಣದಷ್ಟಿತ್ತು, ಕಮೋಡು ಮಾತಾಡಿತು, ಹಾಸಿಗೆ ಪಕ್ಕ ಟಾರ್ಚು ಇತ್ತು, ಟಿಪ್ಸು ಕೊಟ್ಟರೆ ಓಡಿಬಂದು ವಾಪಸ್ ಕೊಟ್ಟರು. ಕೊನೆಗೆ ಒಂದು ಷರಾ: ‘ಜಪಾನಿಗಳೇ ಹಾಗೆ, ಅವರ ಶಿಸ್ತೇ ಬೇರೆ.’

ಜಪಾನೆಂದರೆ ಶಿಸ್ತು ಎಂಬ ಮಾತು ನಮ್ಮಲ್ಲಿ ಹೊಸದಲ್ಲ. 1898ರಲ್ಲೇ ಆ ದೇಶ ನೋಡಿಬಂದ ವಿಶ್ವೇಶ್ವರಯ್ಯನವರು ಅಲ್ಲಿನ ಶಿಕ್ಷಣ, ಕೈಗಾರಿಕೆಗಳ ಉದಾಹರಣೆಯನ್ನು ಬದುಕಿನುದ್ದಕ್ಕೂ ಕೊಡುತ್ತಿದ್ದರು. ಆದರೆ ಅವರು ನೋಡಿದ್ದು ಕಾರ್ಖಾನೆ, ಶಾಲೆ, ಸರ್ಕಾರದ ನೀತಿಗಳನ್ನು. ‘ಹುಟ್ಟುಗುಣ’ ಎಂದು ಕೈತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ಹೋಟೆಲ್ ಕೋಣೆಯನ್ನೂ ಹಾಗೆಯೇ ನೋಡಿದರೆ ಕುತೂಹಲದ ಸಂಗತಿ ಕಾಣುತ್ತದೆ. ಅಲ್ಲಿ ಪ್ರವಾಸಿಯನ್ನು ಬೆರಗಾಗಿಸುವ ಬಹುಪಾಲು ವಸ್ತುಗಳು ಯಾವುದೋ ಕಾನೂನಿನಿಂದ, ಒಂದು ಒಲಿಂಪಿಕ್ಸ್‌ನಿಂದ, ಇಲ್ಲವೇ ಒಂದು ಬೆಂಕಿ ಅನಾಹುತದಿಂದ ಬಂದವು.

ಮೊದಲಿಗೆ ಪಾಸ್‌ಪೋರ್ಟು. ಕೌಂಟರಿನವರು ಅದನ್ನು ಇಸಿದುಕೊಂಡು ಜೆರಾಕ್ಸ್ ಮಾಡಿಕೊಳ್ಳುವುದನ್ನು ಕಂಡು ಕೆಲವರು ಮುಖ ಸಿಂಡರಿಸುತ್ತಾರೆ. ಇದು ಹೋಟೆಲಿನವರ ಅನುಮಾನವಲ್ಲ. 1948ರ ವಸತಿಗೃಹ ಕಾಯ್ದೆಯ ಪ್ರಕಾರ ಅಲ್ಲಿ ಪ್ರತಿಯೊಬ್ಬ ಅತಿಥಿಯ ವಿವರ ದಾಖಲಿಸಬೇಕು. ಜಪಾನಿನಲ್ಲಿ ವಿಳಾಸವಿಲ್ಲದ ವಿದೇಶಿಯರ ರಾಷ್ಟ್ರೀಯತೆ ಮತ್ತು ಪಾಸ್‌ಪೋರ್ಟ್ ಸಂಖ್ಯೆಯನ್ನು ಬರೆದುಕೊಳ್ಳುವ ನಿಯಮ 2005ರಲ್ಲಿ ಸೇರಿತು. 2023ರ ಡಿಸೆಂಬರ್‌ವರೆಗೂ ಅತಿಥಿ ತನ್ನ ಉದ್ಯೋಗವನ್ನೂ ಬರೆಯಬೇಕಿತ್ತು. ಆಮೇಲೆ ಅದರ ಬದಲು ಸಂಪರ್ಕ ಸಂಖ್ಯೆ ಸಾಕೆಂದಾಯಿತು. ಮುನಿಸಿಕೊಳ್ಳುವ ಮುನ್ನ ಇನ್ನೊಂದು ನೆನಪು: ಮೈಸೂರಿಗೋ ಹಂಪಿಗೋ ಬಂದ ಜಪಾನೀ ಪ್ರವಾಸಿಯ ವಿವರವನ್ನು ನಮ್ಮ ಹೋಟೆಲಿನವರೂ 24 ಗಂಟೆಯೊಳಗೆ ಸರ್ಕಾರಕ್ಕೆ ಒಪ್ಪಿಸಬೇಕು. ‘ಸಿ ಫಾರ್ಮ್’ ಎಂದರೆ ಹಳೇ ಮ್ಯಾನೇಜರುಗಳಿಗೆ ಗೊತ್ತು.

ಕೀ ಕಾರ್ಡು ಹಿಡಿದು ಲಿಫ್ಟು ಹತ್ತಿದರೆ ನೆಲಮಹಡಿಯ ಗುಂಡಿಯೇ ಕಾಣುವುದಿಲ್ಲ. ಅಲ್ಲಿ ರಸ್ತೆಮಟ್ಟದ ಮಹಡಿಯೇ ಒಂದನೆಯದು. ಎರಡನೇ ಮಹಡಿಯಲ್ಲಿ ತಿಂಡಿ ಎಂದರೆ ನಮ್ಮ ಲೆಕ್ಕದ ಮೊದಲ ಮಹಡಿಯಲ್ಲಿ.

ಬಾಗಿಲು ತೆರೆದ ಕೂಡಲೇ ಬರುವ ಪ್ರಶ್ನೆ: ಸೂಟ್‌ಕೇಸು ಎಲ್ಲಿ ಬಿಚ್ಚುವುದು? ಹಾಸಿಗೆಗೂ ಗೋಡೆಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ, ಗೋಡೆಗಂಟಿದ ಕಿರಿದಾದ ಮೇಜು, ಮೇಜಿನಡಿ ಅಂಗೈಯಗಲದ ಫ್ರಿಜ್ಜು. ಒಂಟಿ ಪ್ರವಾಸಿಗೆ ಕೊಡುವ ‘ಸಿಂಗಲ್’ ಕೋಣೆ ಹತ್ತು ಹನ್ನೆರಡು ಚದರ ಮೀಟರ್ ಇದ್ದರೆ ಅದು ಸಾಮಾನ್ಯ ಅಳತೆ. 2018ರ ಜೂನ್‌ನಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಕೋಣೆ ಕನಿಷ್ಠ ಏಳು ಚದರ ಮೀಟರ್ ಇರಬೇಕು, ಮಂಚ ಹಾಕಿದ್ದರೆ ಒಂಬತ್ತು. ಒಂಬತ್ತು ಚದರ ಮೀಟರ್ ಎಂದರೆ 97 ಚದರ ಅಡಿ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ತುಂಬ ಇಂಥ ಕೋಣೆಗಳನ್ನು ಜೋಡಿಸಿದರೆ ಹನ್ನೆರಡು ಹಿಡಿದು ಇನ್ನೂ ಒಂದಿಷ್ಟು ಜಾಗ ಉಳಿಯುತ್ತದೆ.

ಇವಕ್ಕೆ ಅಲ್ಲಿ ‘ಬಿಸಿನೆಸ್ ಹೋಟೆಲ್’ ಎಂದು ಹೆಸರು. ಕಂಪನಿ ಕೆಲಸದ ಮೇಲೆ ಊರೂರು ಸುತ್ತುವ ನೌಕರನಿಗಾಗಿ ಇವು ಬೆಳೆದವು. ಆ ನೌಕರ ರಾತ್ರಿ ಹತ್ತಕ್ಕೆ ಬಂದು ಬೆಳಗ್ಗೆ ಏಳಕ್ಕೆ ಹೋಗುವವನು. ಅವನಿಗೆ ಬೇಕಾದದ್ದು ಹಾಸಿಗೆ, ಬಿಸಿನೀರು, ಇಸ್ತ್ರಿ ಮಾಡಿದ ಷರ್ಟು ಮತ್ತು ರೈಲು ನಿಲ್ದಾಣದ ಸಾಮೀಪ್ಯ. ಟೋಕಿಯೊದ ಕಾಮಾಟಾದಲ್ಲಿ 1986ರಲ್ಲಿ ಶುರುವಾಗಿ ಈಗ ದೇಶದ ತುಂಬ ಹರಡಿರುವ ಟೊಯೊಕೊ ಇನ್ ಸರಣಿ ಇದೇ ಲೆಕ್ಕಾಚಾರದ ಮೇಲೆ ನಿಂತಿದೆ. ಅಲ್ಲಿನ ಕೋಣೆಗಳ ವಿನ್ಯಾಸ ಊರಿಂದೂರಿಗೆ ಹೆಚ್ಚು ಬದಲಾಗುವುದಿಲ್ಲ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ. ವಿಶೇಷವೆಂದರೆ ಅದರ ಶಾಖೆಗಳ ಮ್ಯಾನೇಜರುಗಳಲ್ಲಿ ಬಹುಪಾಲು ಮಹಿಳೆಯರು. ಹೆಂಡತಿ, ಇಬ್ಬರು ಮಕ್ಕಳು, ನಾಲ್ಕು ಪೆಟ್ಟಿಗೆಗಳ ಜೊತೆ ಬರುವ ಸಂಸಾರಸ್ಥನನ್ನು ಈ ಕೋಣೆಗಳು ಮನಸ್ಸಿನಲ್ಲಿಟ್ಟುಕೊಂಡೇ ಇರಲಿಲ್ಲ. ಅಂಥವರು ‘ಕೋಣೆ ಚಿಕ್ಕದು’ ಎಂದು ದೂರುವುದಕ್ಕಿಂತ ಬುಕ್ ಮಾಡುವಾಗ ಚದರ ಮೀಟರು ನೋಡುವುದು ಒಳ್ಳೆಯದು. ಜಪಾನೀ ಹೋಟೆಲುಗಳು ಅದನ್ನು ಮರೆಮಾಚದೆ ಬರೆದಿರುತ್ತವೆ.

ಆ ಪುಟ್ಟ ಕೋಣೆಯೊಳಗೊಂದು ಇನ್ನೂ ಪುಟ್ಟ ಕೋಣೆ ಬಚ್ಚಲು. ಹೊಸಿಲು ಒಂದು ಗೇಣು ಎತ್ತರ. ಒಳಗೆ ಗೋಡೆ, ನೆಲ, ಸೂರು ಎಲ್ಲ ಒಂದೇ ಅಚ್ಚಿನಿಂದ ತೆಗೆದಂತೆ ನುಣುಪು. ಒಂದು ಟೈಲ್ಸ್ ಸಹ ಕಾಣದು. ತೊಟ್ಟಿ, ಬೇಸಿನ್ನು, ಕಮೋಡು ಮೂರೂ ಮೊಣಕೈಯಳತೆಯ ದೂರದಲ್ಲಿ. ಬಕೆಟ್ಟು ಚೊಂಬು ಹುಡುಕಿದವರಿಗೆ ನಿರಾಸೆ ಖಂಡಿತ. ವಿಮಾನದ ಶೌಚಾಲಯ ನೆನಪಾದರೆ ತಪ್ಪಿಲ್ಲ, ಏಕೆಂದರೆ ಇದೂ ಕಾರ್ಖಾನೆಯಲ್ಲೇ ತಯಾರಾಗಿ ಬಂದದ್ದು.

ಇದರ ಹಿಂದೆ 1964ರ ಟೋಕಿಯೊ ಒಲಿಂಪಿಕ್ಸ್ ಇದೆ. ಯುದ್ಧದಲ್ಲಿ ಸುಟ್ಟುಹೋಗಿದ್ದ ನಗರ ಜಗತ್ತಿನ ಅತಿಥಿಗಳನ್ನು ಬರಮಾಡಿಕೊಳ್ಳಬೇಕಿತ್ತು. ಬಂದವರನ್ನು ಇಳಿಸಲು ಕೋಣೆಗಳಿರಲಿಲ್ಲ. ಸಾವಿರಕ್ಕೂ ಹೆಚ್ಚು ಕೋಣೆಗಳ, ಹದಿನೇಳು ಮಹಡಿಯ ಹೋಟೆಲ್ ನ್ಯೂ ಒಟಾನಿಯನ್ನು ಸುಮಾರು ಒಂದೂವರೆ ವರ್ಷದೊಳಗೆ ಕಟ್ಟಿ ಮುಗಿಸಬೇಕಾಗಿ ಬಂತು. ಸಾವಿರ ಬಚ್ಚಲುಗಳಿಗೆ ಒಂದೊಂದಾಗಿ ನೀರು ಸೋರದಂತೆ ಗಾರೆ ಹಾಕಿ, ಅದು ಒಣಗುವ ತನಕ ಕಾದು, ಟೈಲ್ಸ್ ಕೂರಿಸಿ, ನಲ್ಲಿ ಜೋಡಿಸುತ್ತ ಹೋದರೆ ಆಟಗಳು ಮುಗಿದೇ ಹೋಗುತ್ತಿದ್ದವು. ಆಗ ಟೊಟೊ ಕಂಪನಿ ಗಾಜಿನನಾರಿನ ಪ್ಲಾಸ್ಟಿಕ್ಕಿನಲ್ಲಿ ಬಚ್ಚಲನ್ನೇ ಬಿಡಿಭಾಗಗಳಾಗಿ ಕಾರ್ಖಾನೆಯಲ್ಲಿ ಮಾಡಿ, ಕ್ರೇನಿನಲ್ಲಿ ಎತ್ತಿಸಿ, ಮಹಡಿ ಮಹಡಿಯಲ್ಲಿ ಜೋಡಿಸುವ ದಾರಿ ಹಿಡಿಯಿತು. ಹೋಟೆಲು 1964ರ ಸೆಪ್ಟೆಂಬರ್ 1ರಂದು ತೆರೆಯಿತು. ಒಲಿಂಪಿಕ್ಸ್ ಅಕ್ಟೋಬರ್ 10ಕ್ಕೆ. ನಡುವೆ, ಅಕ್ಟೋಬರ್ 1ಕ್ಕೆ, ಟೋಕಿಯೊ-ಒಸಾಕಾ ನಡುವೆ ಮೊದಲ ಶಿಂಕಾನ್ಸೆನ್ ರೈಲು ಓಡಿತು. (ಆ ಹೋಟೆಲಿನ ದುಂಡನೆಯ ತಲೆಯನ್ನು 1967ರ ಜೇಮ್ಸ್ ಬಾಂಡ್ ಚಿತ್ರ ನೋಡಿದವರು ಕಂಡಿರುತ್ತಾರೆ, ಅಲ್ಲಿ ಅದು ಖಳರ ಕಂಪನಿಯ ಕಚೇರಿ.) ತುರ್ತಿಗೆಂದು ಹುಟ್ಟಿದ ‘ಯೂನಿಟ್ ಬಾತ್’ ಆಮೇಲೆ ಅಪಾರ್ಟ್‌ಮೆಂಟುಗಳಿಗೂ ಮನೆಗಳಿಗೂ ಹಬ್ಬಿತು. ಕೆಳಗಿನ ಮನೆಗೆ ನೀರು ಸೋರುವ ಜಗಳ ಅಲ್ಲಿ ಕಡಿಮೆಯಾದದ್ದಕ್ಕೆ ಇದೂ ಒಂದು ಕಾರಣ. ಪ್ರತಿ ಮಳೆಗಾಲಕ್ಕೂ ಬಚ್ಚಲ ಸೋರಿಕೆಯ ಪಂಚಾಯ್ತಿ ಮಾಡುವ ನಮ್ಮ ಅಪಾರ್ಟ್‌ಮೆಂಟ್ ಸಂಘಗಳು ಇದನ್ನು ಗಮನಿಸಬೇಕಾದದ್ದೇ.

ಇನ್ನು ಕಮೋಡು. ಯುರೋಪು, ಅಮೆರಿಕಗಳಲ್ಲಿ ಕಾಗದದ ಸುರುಳಿಯೊಂದನ್ನೇ ನಂಬಿ ದಿನ ದೂಡಿದ ಭಾರತೀಯರಿಗೆ ಜಪಾನಿನಲ್ಲಿ ನೀರು ಕಂಡು ಆಗುವ ಸಮಾಧಾನ ಸಣ್ಣದಲ್ಲ. ಕೂತರೆ ಬೆಚ್ಚಗಿನ ಆಸನ, ಗುಂಡಿ ಒತ್ತಿದರೆ ಹದವಾದ ಬಿಸಿನೀರಿನ ಚಿಲುಮೆ, ಮುಗಿದ ಮೇಲೆ ತಾನೇ ತೊಳೆದುಕೊಳ್ಳುವ ನಳಿಗೆ. ಮೂಲದಲ್ಲಿ ಇದು ಜಪಾನೀ ಆವಿಷ್ಕಾರವಲ್ಲ. ರೋಗಿಗಳ ಅನುಕೂಲಕ್ಕೆಂದು ಅಮೆರಿಕದಲ್ಲಿ ಮಾಡಿದ್ದ ಆಸನವನ್ನು ಟೊಟೊ 1964ರ ಹೊತ್ತಿಗೆ ಆಮದು ಮಾಡಿ ಮಾರತೊಡಗಿತ್ತು. ನೀರಿನ ಬಿಸಿ ಒಮ್ಮೊಮ್ಮೆ ಹೆಚ್ಚು, ಒಮ್ಮೊಮ್ಮೆ ಕಡಿಮೆ; ಗುರಿಯೂ ಅಷ್ಟಕ್ಕಷ್ಟೆ. ಕಂಪನಿಯ ಎಂಜಿನಿಯರುಗಳು ತಮ್ಮದೇ ನೌಕರರನ್ನು ಕೂರಿಸಿ ಅಳತೆ ತೆಗೆದರು. ನಾಚಿಕೊಂಡ ಹೆಣ್ಣುಮಕ್ಕಳನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತಂತೆ. ನೀರು 38 ಡಿಗ್ರಿ ಸೆಲ್ಸಿಯಸ್ ಇರಬೇಕು, ಚಿಮ್ಮುವ ಕೋನ 43 ಡಿಗ್ರಿ ಎಂಬ ಲೆಕ್ಕ ಹೊರಬಂದದ್ದು ಹೀಗೆ. 1980ರಲ್ಲಿ ‘ವಾಶ್‌ಲೆಟ್’ ಮಾರುಕಟ್ಟೆಗೆ ಬಂತು; ಈಗ ಜಪಾನಿನ ಮನೆಗಳಲ್ಲಿ ಶೇ 80ಕ್ಕೂ ಹೆಚ್ಚು ಕಡೆ ಇಂಥ ಆಸನವಿದೆ.

ಪ್ರವಾಸಿಗೆ ಕಾಡುವುದು ಗುಂಡಿಗಳ ಸಾಲು. ನೀರು ಬಿಡುವ ಗುಂಡಿ ಯಾವುದು, ನಿಲ್ಲಿಸುವುದು ಯಾವುದು, ಸಂಗೀತದ್ದು ಯಾವುದು? ಪ್ರತಿ ಕಂಪನಿಯೂ ತನಗೆ ತೋಚಿದ ಚಿತ್ರ ಬರೆದುಕೊಂಡಿದ್ದ ಕಾಲದಲ್ಲಿ ತಪ್ಪು ಗುಂಡಿ ಒತ್ತಿ ಮೈಯೆಲ್ಲ ಒದ್ದೆ ಮಾಡಿಕೊಂಡವರು ಎಷ್ಟೋ. ವಿದೇಶಿ ಪ್ರವಾಸಿಗರು ಹೆಚ್ಚುತ್ತಿದ್ದಂತೆ 2017ರಲ್ಲಿ ಅಲ್ಲಿನ ಶೌಚಾಲಯ ಉಪಕರಣ ತಯಾರಕರ ಸಂಘವು ಎಂಟು ಚಿಹ್ನೆಗಳನ್ನು ಎಲ್ಲರಿಗೂ ಒಂದೇ ಎಂದು ಗೊತ್ತುಮಾಡಿತು. ಹಾಗಾಗಿ ಹೊಸ ಹೋಟೆಲಿನಲ್ಲಿ ಹೆದರುವ ಕಾರಣವಿಲ್ಲ. ಹಳೆಯದರಲ್ಲಿ ಮೊದಲು ‘ನಿಲ್ಲಿಸು’ ಗುಂಡಿ ಹುಡುಕಿಕೊಳ್ಳುವುದು ಜಾಣತನ. ಅದು ಸಾಮಾನ್ಯವಾಗಿ ಚೌಕಾಕಾರದ ಗುರುತು.

ಮೇಜಿನ ಡ್ರಾಯರು ಎಳೆದರೆ ಎರಡು ಪುಸ್ತಕ ಸಿಗಬಹುದು. ಒಂದು ಬೈಬಲ್, ಅದನ್ನು ಜಗತ್ತಿನಾದ್ಯಂತ ಹೋಟೆಲುಗಳಲ್ಲಿ ಇಡುವ ಗಿಡಿಯನ್ಸ್ ಸಂಸ್ಥೆ ಅಮೆರಿಕದ್ದು. ಇನ್ನೊಂದು ಜಪಾನೀ, ಇಂಗ್ಲಿಷ್ ಎರಡೂ ಭಾಷೆಯಲ್ಲಿರುವ ಬುದ್ಧನ ಬೋಧನೆ. ಅದನ್ನು ಹಂಚುವ ಸಂಸ್ಥೆಯನ್ನು 1965ರಲ್ಲಿ ಕಟ್ಟಿದವರು ಯೆಹಾನ್ ನುಮಾಟಾ. ಈ ಹೆಸರು ಕೇಳದವರಿಗೂ ಅವರು 1934ರಲ್ಲಿ ಸ್ಥಾಪಿಸಿದ ಇನ್ನೊಂದು ಸಂಸ್ಥೆ ಗೊತ್ತಿರಬಹುದು: ಮಿಟುಟೊಯೊ. ಪೀಣ್ಯದ ಯಾವ ಮೆಷಿನ್ ಶಾಪಿನ ಟರ್ನರ್‌ನನ್ನು ಕೇಳಿದರೂ ಮಿಟುಟೊಯೊ ಮೈಕ್ರೊಮೀಟರಿನ ಬಗ್ಗೆ ಗೌರವದಿಂದ ಮಾತಾಡುತ್ತಾನೆ. ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯುವ ಸಾಧನ ಮಾರಿ ಬಂದ ಹಣದಲ್ಲಿ ಬುದ್ಧನ ಮಾತು ಹೋಟೆಲ್ ಡ್ರಾಯರುಗಳನ್ನು ಸೇರಿತು. ಭಾರತದಿಂದ ಹೋದ ಪ್ರವಾಸಿಗೆ ಭಾರತದಿಂದ ಹೋದ ಮಾತುಗಳೇ ಅಲ್ಲಿ ಸಿಗುವುದು ಸ್ವಾರಸ್ಯವೇ ಸರಿ.

ಮೊಬೈಲು ಚಾರ್ಜಿಗೆ ಹಾಕಲು ಹೋದರೆ ಪ್ಲಗ್ಗು ಹಿಡಿಯುವುದಿಲ್ಲ. ಅಲ್ಲಿಯದು ಚಪ್ಪಟೆಯ ಎರಡು ಪಿನ್ನು, ಒತ್ತಡ 100 ವೋಲ್ಟ್; ನಮ್ಮದು ದುಂಡು ಪಿನ್ನು, 230 ವೋಲ್ಟ್. ಮೊಬೈಲು, ಲ್ಯಾಪ್‌ಟಾಪುಗಳ ಚಾರ್ಜರುಗಳು ಎರಡಕ್ಕೂ ಒಗ್ಗುತ್ತವೆ, ಅಡಾಪ್ಟರು ಇದ್ದರೆ ಸಾಕು. ತೊಂದರೆ ಬರುವುದು ಊರಿಂದ ಕೆಟಲ್ಲೋ ಚಿಕ್ಕ ರೈಸ್ ಕುಕ್ಕರೋ ಹೊತ್ತೊಯ್ದವರಿಗೆ. ಸಾವಿರ ವಾಟಿನ ನಮ್ಮ ಕೆಟಲ್ಲು ಅಲ್ಲಿ ಇನ್ನೂರು ವಾಟಿಗಿಂತ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆ, ಏಕೆಂದರೆ ವೋಲ್ಟೇಜು ಅರ್ಧಕ್ಕಿಂತ ಕಡಿಮೆಯಾದರೆ ಶಾಖ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅನ್ನ ಬೇಯುವುದಿಲ್ಲ, ನೆನೆಯುತ್ತದೆ. ಇನ್ನೊಂದು ವಿಚಿತ್ರ: ಟೋಕಿಯೊದ ಕಡೆ ವಿದ್ಯುತ್ತು 50 ಹರ್ಟ್ಸ್, ಒಸಾಕಾದ ಕಡೆ 60. 19ನೇ ಶತಮಾನದ ಕೊನೆಯಲ್ಲಿ ಪೂರ್ವದವರು ಜರ್ಮನಿಯಿಂದ, ಪಶ್ಚಿಮದವರು ಅಮೆರಿಕದಿಂದ ಜನರೇಟರು ತರಿಸಿದ್ದರ ಫಲ ಇದು. ಪ್ರವಾಸಿಗೆ ಇದರಿಂದ ಬಾಧಕವಿಲ್ಲ. ಆದರೆ 2011ರ ಭೂಕಂಪದ ನಂತರ ಪಶ್ಚಿಮದಲ್ಲಿದ್ದ ವಿದ್ಯುತ್ತನ್ನು ಕತ್ತಲಲ್ಲಿದ್ದ ಪೂರ್ವಕ್ಕೆ ಬೇಕಾದಷ್ಟು ಕಳಿಸಲಾಗಲಿಲ್ಲ. ಶಿಸ್ತಿಗೆ ಹೆಸರಾದ ದೇಶವೂ ನೂರು ವರ್ಷ ಈ ಒಂದು ಗಂಟನ್ನು ಬಿಚ್ಚದೆ ಬಿಟ್ಟಿತ್ತು ಎನ್ನುವುದನ್ನು ‘ಜಪಾನಿಗಳೇ ಹಾಗೆ’ ಎನ್ನುವವರು ನೆನಪಿಡಬೇಕು.

ಮಲಗುವ ಮುನ್ನ ಕಣ್ಣಿಗೆ ಬೀಳುವ ಕೊನೆಯ ವಸ್ತು, ಮಂಚದ ಪಕ್ಕದ ಗೋಡೆಗೆ ಸಿಕ್ಕಿಸಿದ ಟಾರ್ಚು. ಕೊಕ್ಕೆಯಿಂದ ಎಳೆದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ, ಸ್ವಿಚ್ಚು ಹುಡುಕುವಂತಿಲ್ಲ. ಬಾಗಿಲ ಹಿಂಬದಿಗೆ ಆ ಮಹಡಿಯ ನಕ್ಷೆ, ಹೊರಹೋಗುವ ಎರಡು ದಾರಿ. ಕೆಲವು ಕಿಟಕಿಗಳ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ. ಅಗ್ನಿಶಾಮಕದವರು ಹೊರಗಿನಿಂದ ಒಡೆದು ಬರಬೇಕಾದ ಜಾಗ ಅದು.

ಇವು ಯಾವುವೂ ಮುನ್ನೆಚ್ಚರಿಕೆಯ ಸ್ವಭಾವದಿಂದ ತಾವಾಗಿ ಹುಟ್ಟಿದವಲ್ಲ, ಜನ ಸತ್ತ ಮೇಲೆ ಬಿಗಿಯಾದವು. 1972ರಲ್ಲಿ ಒಸಾಕಾದ ಸೆನ್ನಿಚಿ ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಡಕ್ಕೆ ಬೆಂಕಿ ಬಿದ್ದು 118 ಜನ ಸತ್ತರು. ಮರುವರ್ಷ ಕುಮಾಮೊಟೊದ ಅಂಗಡಿಯಲ್ಲಿ ನೂರಕ್ಕೂ ಹೆಚ್ಚು. 1980ರ ನವೆಂಬರ್‌ನಲ್ಲಿ ತೊಚಿಗಿ ಪ್ರಾಂತ್ಯದ ಬಿಸಿನೀರಿನ ಬುಗ್ಗೆಯ ಊರೊಂದರಲ್ಲಿ ಕಾವಾಜಿ ಪ್ರಿನ್ಸ್ ಹೋಟೆಲು ಹೊತ್ತಿ 45 ಮಂದಿ. ಮತ್ತೆ 1982ರ ಫೆಬ್ರುವರಿ 8ರ ನಸುಕಿನಲ್ಲಿ ಟೋಕಿಯೊದ ನಡುಮಧ್ಯ, ಅಕಾಸಾಕಾದ ಹೋಟೆಲ್ ನ್ಯೂ ಜಪಾನ್. ಒಂಬತ್ತನೇ ಮಹಡಿಯ ಅತಿಥಿಯೊಬ್ಬರು ಹಾಸಿಗೆಯಲ್ಲೇ ಸೇದಿದ ಸಿಗರೇಟಿನಿಂದ ಎದ್ದ ಬೆಂಕಿ 33 ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ವಿದೇಶಿ ಪ್ರವಾಸಿಗರೂ ಇದ್ದರು. ಕಡ್ಡಾಯವಾಗಿದ್ದ ಸ್ಪ್ರಿಂಕ್ಲರುಗಳನ್ನು ಮಾಲೀಕ ಹಾಕಿಸಿರಲಿಲ್ಲ. ಅವನಿಗಾದ ಮೂರು ವರ್ಷದ ಜೈಲು ಶಿಕ್ಷೆಯನ್ನು ಸುಪ್ರೀಂ ಕೋರ್ಟು 1993ರಲ್ಲಿ ಎತ್ತಿಹಿಡಿಯಿತು.

ಆ ಕಾಲದ ಇನ್ನೊಂದು ಕೊಡುಗೆ ಈಗ ನಮ್ಮ ಮಾಲುಗಳಲ್ಲೂ ಮೆಟ್ರೊ ನಿಲ್ದಾಣಗಳಲ್ಲೂ ಇದೆ: ಬಾಗಿಲಿನ ಕಡೆಗೆ ಓಡುವ ಹಸಿರು ಮನುಷ್ಯ. ಅಕ್ಷರದ ಫಲಕ ಹೊಗೆಯಲ್ಲಿ ಓದಲಾಗುವುದಿಲ್ಲ, ಭಾಷೆ ಬಾರದವರಿಗೆ ಓದಲೇ ಆಗುವುದಿಲ್ಲ ಎಂಬುದು ಆ ಸಾವುಗಳು ಕಲಿಸಿದ ಪಾಠ. 1970ರ ದಶಕದ ಕೊನೆಗೆ ಸಾರ್ವಜನಿಕರಿಂದ ವಿನ್ಯಾಸಗಳನ್ನು ಕರೆದು, ಅವನ್ನೆಲ್ಲ ಪರೀಕ್ಷೆಗೆ ಒಡ್ಡಿದಾಗ ಯುಕಿಯೊ ಓಟಾ ಎಂಬ ವಿನ್ಯಾಸಕಾರರ ತಂಡ ರೂಪಿಸಿದ ಓಡುವ ಮನುಷ್ಯ ಗೆದ್ದ. 1987ರಲ್ಲಿ ಅವನು ಅಂತರರಾಷ್ಟ್ರೀಯ ಮಾನದಂಡವಾದ. ಗಾಂಧಿನಗರದ ಲಾಡ್ಜಿನಲ್ಲಿ ಅದೇ ಹಸಿರು ಮನುಷ್ಯ ತೋರಿಸುವ ಬಾಗಿಲಿಗೆ ಬೀಗ ಹಾಕಿ ಮುಂದೆ ಹಾಸಿಗೆಗಳ ರಾಶಿ ಒಟ್ಟಿದ್ದರೆ ಚಿತ್ರದ ತಪ್ಪಲ್ಲ.

ಭೂಕಂಪದ ಮಾತು ಬೇರೆ. ಮಧ್ಯರಾತ್ರಿ ಮಂಚ ಮೆಲ್ಲಗೆ ತೂಗಿದರೆ ಹೊಸಬರು ಗಾಬರಿಯಾಗುತ್ತಾರೆ. ಮೊಬೈಲಿನಿಂದ ಒಮ್ಮೆಲೇ ಕರ್ಕಶ ಸದ್ದು ಬಂದರೆ ಇನ್ನೂ ಹೆಚ್ಚು. ಭೂಕಂಪದ ಮುಂಚಿನ ಸೂಕ್ಷ್ಮ ಅಲೆಯನ್ನು ಹಿಡಿದು ದೊಡ್ಡ ಅಲೆ ಬರುವ ಕೆಲವು ಸೆಕೆಂಡು ಮೊದಲು ಎಚ್ಚರಿಸುವ ಈ ವ್ಯವಸ್ಥೆ 2007ರ ಅಕ್ಟೋಬರ್‌ನಿಂದ ಸಾರ್ವಜನಿಕರಿಗೆ ಸಿಗುತ್ತಿದೆ. ಹೊಸ ಲಿಫ್ಟುಗಳು ಅಂಥ ಹೊತ್ತಿನಲ್ಲಿ ಹತ್ತಿರದ ಮಹಡಿಯಲ್ಲಿ ನಿಂತು ಬಾಗಿಲು ತೆರೆಯುತ್ತವೆ. 1981ರ ಜೂನ್‌ನಲ್ಲಿ ಕಟ್ಟಡ ನಿಯಮಗಳು ಬಿಗಿಯಾದವು. ಅಲ್ಲಿನ ಜನ ಮನೆ ಕೊಳ್ಳುವಾಗ, ಬಾಡಿಗೆಗೆ ಹಿಡಿಯುವಾಗ ಕಟ್ಟಡ ಅದಕ್ಕೆ ಮುಂಚಿನದೋ ನಂತರದ್ದೋ ಎಂದು ಕೇಳುತ್ತಾರೆ. ಹೋಟೆಲಿನ ಬಗ್ಗೆ ಪ್ರವಾಸಿಯೂ ಕೇಳಬಹುದು.

ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷು ಕೋಣೆಯಲ್ಲಿ ಕಾಣದಿದ್ದರೆ ಕೌಂಟರಿನ ಪಕ್ಕದ ಕಪಾಟಿನಲ್ಲಿರುತ್ತದೆ. ಬೇಕಾದವರು ಬೇಕಾದಷ್ಟೇ ತೆಗೆದುಕೊಳ್ಳಲಿ ಎಂದು. ಬ್ರಷ್ಷು, ಬಾಚಣಿಗೆ, ರೇಜರು ಮುಂತಾದ ಪ್ಲಾಸ್ಟಿಕ್ ವಸ್ತುಗಳ ಬಳಕೆ ತಗ್ಗಿಸಬೇಕೆಂಬ ಕಾಯ್ದೆ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲಿನ ಬದಲಾವಣೆಯಿದು. ಟಿಪ್ಸ್ ಕೊಡುವ ರೂಢಿಯಿಲ್ಲ; ದೊಡ್ಡ ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿನಲ್ಲೇ ಸೇರಿಸುತ್ತವೆ. ಬಿಲ್ಲಿನಲ್ಲಿ ಇನ್ನೊಂದು ಸಾಲು ವಸತಿ ತೆರಿಗೆ. ಟೋಕಿಯೊದಲ್ಲಿ ಅದು 2002ರಿಂದ ಇದೆ, ಕ್ಯೋಟೊದಲ್ಲಿ 2018ರಿಂದ. ಪ್ರವಾಸಿಗರ ನೂಕುನುಗ್ಗಲಿಗೆ ಬೇಸತ್ತ ಕ್ಯೋಟೊ, ಅತಿ ದುಬಾರಿ ಕೋಣೆಗಳಿಗೆ ತಲಾ ರಾತ್ರಿಗೆ 10,000 ಯೆನ್‌ವರೆಗೆ ಅದನ್ನು ಏರಿಸುವ ತೀರ್ಮಾನ ಮಾಡಿ 2026ರ ಮಾರ್ಚ್ ಅನ್ನು ಗೊತ್ತುಮಾಡಿತು. ಸಾಧಾರಣ ಕೋಣೆಗೆ ಇಷ್ಟು ಬೀಳುವುದಿಲ್ಲ.

ಕೌಂಟರಿನಿಂದ ಸಿಗುವ ಅತ್ಯಂತ ಉಪಯುಕ್ತ ಸೇವೆಯನ್ನು ಮಾತ್ರ ಮೊದಲ ಸಲ ಹೋದವರು ಗಮನಿಸುವುದೇ ಇಲ್ಲ. ಟೋಕಿಯೊದಲ್ಲಿ ಸೂಟ್‌ಕೇಸು ಒಪ್ಪಿಸಿ ಚೀಟಿ ಬರೆಸಿದರೆ ಸಾಮಾನ್ಯವಾಗಿ ಮಾರನೇ ದಿನ ಅದು ಕ್ಯೋಟೊದ ಹೋಟೆಲಿನಲ್ಲಿ ಕಾದಿರುತ್ತದೆ. ಯಮಾಟೊ ಕಂಪನಿ 1976ರ ಜನವರಿಯಲ್ಲಿ ಈ ಮನೆಬಾಗಿಲ ರವಾನೆ ಶುರುಮಾಡಿದ ಮೊದಲ ದಿನ ಸಿಕ್ಕಿದ್ದು ಬರೀ ಹನ್ನೊಂದು ಪೊಟ್ಟಣ. ಮೂರೂ ಅಳತೆ ಕೂಡಿ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆಗೆ ಟೋಕಿಯೊ-ಕ್ಯೋಟೊ ಶಿಂಕಾನ್ಸೆನ್‌ನಲ್ಲಿ ಮೊದಲೇ ಜಾಗ ಕಾದಿರಿಸಬೇಕಾಗಿರುವಾಗ ಹೀಗೆ ಕಳಿಸಿಬಿಡುವುದೇ ವಾಸಿ.

ಒಂಬತ್ತು ಚದರ ಮೀಟರೂ ದುಬಾರಿ ಎನ್ನುವವರಿಗೆ ಕ್ಯಾಪ್ಸೂಲ್ ಹೋಟೆಲಿದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅಷ್ಟೇ ಎತ್ತರ. ಬಾಗಿಲಿನ ಬದಲು ಪರದೆ, ಬೀಗವಿಲ್ಲ. ಮೊದಲನೆಯದು ಒಸಾಕಾದ ಉಮೇಡಾದಲ್ಲಿ 1979ರಲ್ಲಿ ತೆರೆಯಿತು. ಕೊನೆಯ ರೈಲು ತಪ್ಪಿ ತನ್ನ ಸೌನಾದಲ್ಲೇ ಅಡ್ಡಾದಿಡ್ಡಿ ಮಲಗುತ್ತಿದ್ದ ಗಂಡಸರನ್ನು ನೋಡಿ ಮಾಲೀಕನಿಗೆ ಹೊಳೆದ ಉಪಾಯವದು. ವಿನ್ಯಾಸ ಮಾಡಿದವರು ಕಿಶೊ ಕುರೊಕಾವಾ. 1972ರಲ್ಲಿ ಟೋಕಿಯೊದಲ್ಲಿ 140 ಗೂಡುಗಳ ನಾಕಾಗಿನ್ ಗೋಪುರ ಕಟ್ಟಿ ಜಗತ್ತಿನ ವಾಸ್ತುಶಿಲ್ಪಿಗಳ ಗಮನ ಸೆಳೆದಿದ್ದವರು. ಗೋಪುರವನ್ನು 2022ರಲ್ಲಿ ಕಳಚಿದರು, 23 ಗೂಡುಗಳನ್ನಷ್ಟೇ ಉಳಿಸಿಕೊಂಡರು. ಕುಡಿದು ರೈಲು ತಪ್ಪಿಸಿಕೊಂಡವರಿಗೆಂದು ಮಾಡಿದ ಹೋಟೆಲು ಮಾತ್ರ ದೇಶ ದೇಶಗಳಿಗೆ ಹಬ್ಬಿತು. ಅದಕ್ಕೂ ಮುಂದಿನ ಹೆಜ್ಜೆ ಎಂಬಂತೆ 2015ರಲ್ಲಿ ನಾಗಾಸಾಕಿ ಪ್ರಾಂತ್ಯದಲ್ಲಿ ಬಂದ ‘ಹೆನ್ನಾ ಹೋಟೆಲ್’ನ ಕೌಂಟರಿನಲ್ಲಿ ಡೈನೊಸಾರ್ ರೋಬೊಟ್ಟುಗಳಿದ್ದವು. ಕೋಣೆಯಲ್ಲಿದ್ದ ಪುಟ್ಟ ಬೊಂಬೆ ಅತಿಥಿಯ ಗೊರಕೆಯನ್ನು ಪ್ರಶ್ನೆಯೆಂದು ತಿಳಿದು ಮತ್ತೆ ಮತ್ತೆ ಎಬ್ಬಿಸುತ್ತಿತ್ತು. 2019ರ ಹೊತ್ತಿಗೆ 243 ರೋಬೊಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕೆಲಸದಿಂದ ತೆಗೆದರು.

ಇದೆಲ್ಲ ನಗರದ ಮಾತು. ಒಂದು ರಾತ್ರಿಯಾದರೂ ರಿಯೊಕಾನ್ ಎಂಬ ಹಳೇ ಬಗೆಯ ವಸತಿಗೃಹದಲ್ಲಿ ಕಳೆದವರಿಗೆ ಬೇರೆಯೇ ಜಪಾನ್ ಕಾಣುತ್ತದೆ. ಯಮನಾಶಿ ಪ್ರಾಂತ್ಯದ ಬೆಟ್ಟಗಳ ನಡುವಿನ ಕೇಯುನ್‌ಕಾನ್ ಕ್ರಿ.ಶ. 705ರಲ್ಲಿ ಶುರುವಾದದ್ದೆಂದು ಪ್ರಸಿದ್ಧಿ. ಜಗತ್ತಿನ ಅತಿ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆ ಅದರದ್ದು. ನಮ್ಮ ಲೆಕ್ಕದಲ್ಲಿ ಅದು ಬಾದಾಮಿ ಚಾಲುಕ್ಯರ ಕಾಲ, ವಿಜಯಾದಿತ್ಯನ ಆಳ್ವಿಕೆ.

ರಿಯೊಕಾನಿನ ಹೊಸಿಲಲ್ಲಿ ಚಪ್ಪಲಿ ಬಿಡಬೇಕು. ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎಡವುವುದು ಮುಂದೆ. ಮೊಗಸಾಲೆಗೆ ಒಂದು ಜೊತೆ ಸ್ಲಿಪ್ಪರು, ಚಾಪೆಯ ಕೋಣೆಯಲ್ಲಿ ಅದೂ ಬೇಡ, ಶೌಚಾಲಯಕ್ಕೆ ಬೇರೆಯದೇ ಜೋಡಿ. ಅದೇ ಜೋಡಿಯಲ್ಲಿ ಊಟದ ಜಾಗಕ್ಕೆ ಬಂದುಬಿಡುವುದು ವಿದೇಶಿಯರು ಮಾಡುವ ಅತಿ ಸಾಮಾನ್ಯ ಪ್ರಮಾದ. ಕೋಣೆಯಲ್ಲಿ ಮಂಚವಿಲ್ಲ, ಊಟದ ಹೊತ್ತಿನಲ್ಲಿ ಸಿಬ್ಬಂದಿ ಬಂದು ನೆಲಕ್ಕೆ ಹಾಸಿಗೆ ಹಾಸಿ ಹೋಗುತ್ತಾರೆ. ಉಡಲು ಯುಕಾಟ ಎಂಬ ಹತ್ತಿಯ ನಿಲುವಂಗಿ. ಅದರ ಎಡ ಅಂಚು ಬಲದ ಮೇಲೆ ಬರಬೇಕು. ತಿರುವುಮುರುವಾದರೆ ಅದು ಹೆಣಕ್ಕೆ ತೊಡಿಸುವ ಕ್ರಮ. ಯಾರಾದರೂ ಅಜ್ಜಿ ಓಡಿಬಂದು ಸರಿಮಾಡುತ್ತಾರೆ.

ಆಮೇಲೆ ಸ್ನಾನ. ಕಾನೂನಿನ ಪ್ರಕಾರ ನೆಲದಿಂದ ಬರುವಾಗ 25 ಡಿಗ್ರಿಗಿಂತ ಬಿಸಿ ಇರುವ, ಇಲ್ಲವೇ ಗೊತ್ತಾದ ಖನಿಜಗಳಿರುವ ನೀರು ಒನ್ಸೆನ್ ಎನಿಸಿಕೊಳ್ಳುತ್ತದೆ. ಅದಕ್ಕೆ ತಲೆಗೆ ಸಾಮಾನ್ಯವಾಗಿ 150 ಯೆನ್ ತೆರಿಗೆಯೂ ಉಂಟು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳ, ಆದರೆ ಒಳಗೆ ಮೈಮೇಲೆ ನೂಲೂ ಇರುವಂತಿಲ್ಲ. ಭಾರತೀಯರು ಬಾಗಿಲಲ್ಲೇ ಹಿಂದೆ ಸರಿಯುವುದು ಇಲ್ಲಿ. ತಣ್ಣಗೆ ಯೋಚಿಸಿದರೆ ನಿಯಮ ಸರಳ: ಮೊದಲು ಸಣ್ಣ ಮಣೆಯ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡು, ಆಮೇಲೆ ಸುಮ್ಮನೆ ಕೂರಲು ಕೊಳಕ್ಕಿಳಿಯುವುದು. ಬಚ್ಚಲಲ್ಲಿ ಮಣೆ ಹಾಕಿ ಕೂತು ಮೀಯುವ ಮಲೆನಾಡಿನವರಿಗೆ ಅರ್ಧ ಪಾಠ ಬಂದೇ ಇರುತ್ತದೆ. ಹಚ್ಚೆಯಿದ್ದವರಿಗೆ ಕಷ್ಟ. 2015ರಲ್ಲಿ ಜಪಾನಿನ ಪ್ರವಾಸೋದ್ಯಮ ಇಲಾಖೆ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ವಸತಿಗೃಹಗಳು ಹಚ್ಚೆಯವರನ್ನು ಕೊಳಕ್ಕೆ ಬಿಡುವುದಿಲ್ಲವೆಂದವು. ಅಲ್ಲಿ ಹಚ್ಚೆಗೆ ಪಾತಕಿ ಗ್ಯಾಂಗುಗಳ ನಂಟು. ಇನ್ನೊಂದು ಎಚ್ಚರಿಕೆ: ಎಷ್ಟೋ ಕಡೆ ರಾತ್ರಿ ಗಂಡಸರಿಗಿದ್ದ ಕೊಳ ಬೆಳಗ್ಗೆ ಹೆಂಗಸರದಾಗುತ್ತದೆ. ಬಾಗಿಲ ಪರದೆಯನ್ನು ದಿನವೂ ನೋಡಿಯೇ ಒಳಹೋಗಬೇಕು.

ಕೊನೆಯದು ಊಟ, ಸಸ್ಯಾಹಾರಿ ಕನ್ನಡಿಗರಿಗೆ ನಿಜವಾದ ಪರೀಕ್ಷೆ. ರಿಯೊಕಾನಿನಲ್ಲಿ ಬಾಡಿಗೆ ಹೆಚ್ಚಾಗಿ ಕೋಣೆಗಲ್ಲ, ತಲೆಗೆ. ಅದರಲ್ಲಿ ರಾತ್ರಿಯೂಟ, ಬೆಳಗಿನ ತಿಂಡಿ ಎರಡೂ ಸೇರಿರುತ್ತವೆ. ಸಣ್ಣ ಸಣ್ಣ ಬಟ್ಟಲುಗಳಲ್ಲಿ ಸಾಲಾಗಿ ಬರುವ ಆ ಊಟದಲ್ಲಿ ತರಕಾರಿಯಂತೆ ಕಾಣುವುದನ್ನೂ ನಂಬುವಂತಿಲ್ಲ. ಸಾರು, ಪಲ್ಯ, ಅದ್ದಿ ತಿನ್ನುವ ರಸ, ಎಲ್ಲದರ ತಳದಲ್ಲೂ ದಾಶಿ ಎಂಬ ತಿಳಿಸಾರು ಇರುತ್ತದೆ. ಅದನ್ನು ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನ ಹೆರೆತದಿಂದ ಬಸಿಯುತ್ತಾರೆ. ‘ಮೀನು ಬೇಡ’ ಎಂದವರಿಗೆ ತುಂಡನ್ನಷ್ಟೇ ತೆಗೆದು ಅದೇ ಸಾರು ಬಡಿಸಿದರೆ ಅಡುಗೆಯವರ ದೃಷ್ಟಿಯಲ್ಲಿ ಮೋಸವೇನಿಲ್ಲ. ಶುದ್ಧ ಸಸ್ಯಾಹಾರದ ಪರಂಪರೆಯೂ ಅಲ್ಲಿ ಇದೆ, ಬೌದ್ಧ ಮಠಗಳಲ್ಲಿ. ವಾಕಾಯಾಮಾ ಪ್ರಾಂತ್ಯದ ಕೋಯಾಸಾನ್ ಬೆಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಮಠಗಳು ಪ್ರವಾಸಿಗರನ್ನು ಉಳಿಸಿಕೊಳ್ಳುತ್ತವೆ. ಮೀನು ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ. ದಾಶಿಯೂ ಕಡಲಪಾಚಿ, ಅಣಬೆಯದು. ಬೆಳಗಿನ ಪೂಜೆಗೂ ಕೂರಬಹುದು. ಮಡಿವಂತ ಹಿರಿಯರನ್ನು ಕರೆದೊಯ್ಯುವವರಿಗೆ ಇಷ್ಟು ನೆಮ್ಮದಿಯ ಜಾಗ ಜಪಾನಿನಲ್ಲಿ ಇನ್ನೊಂದಿಲ್ಲ.

ಉಳಿದ ಕಡೆ ಹೋಗುವವರು ಹೋಟೆಲು ತಲುಪಿದ ಮೇಲೆ ಕೇಳಿ ಪ್ರಯೋಜನವಿಲ್ಲ. ರಿಯೊಕಾನಿನ ಅಡುಗೆಯವರು ಸಾಮಾನು ತರಿಸುವುದು ಅತಿಥಿಗಳ ಪಟ್ಟಿ ನೋಡಿಕೊಂಡು. ಬುಕ್ ಮಾಡುವಾಗಲೇ ಮೀನು, ಮಾಂಸ, ಮೊಟ್ಟೆ, ಮೀನಿನ ದಾಶಿ ಎಂದು ಒಂದೊಂದನ್ನೂ ಬಿಡಿಸಿ ಬರೆದು, ಆಗುತ್ತದೆಯೇ ಎಂದು ಕೇಳಿ, ಲಿಖಿತ ಉತ್ತರ ತರಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಊಟವಿಲ್ಲದ ದರ ಕೇಳಿ, ಅನೇಕರು ಕೊಡುತ್ತಾರೆ. ಹೊರಡುವ ಹಿಂದಿನ ದಿನ ಮನಸ್ಸು ಬದಲಿಸಿದರೆ ಬಾಡಿಗೆಯ ದೊಡ್ಡ ಪಾಲು ಕೈಬಿಡುತ್ತದೆ, ಹೇಳದೆ ತಪ್ಪಿಸಿದರೆ ಬಹುತೇಕ ಪೂರ್ತಿ.